ಮುಯ್ಯಿ ಕೇಳದ ಊಟದ ಮೇಲೆ ಅನುಮಾನ ಏಕೆ?

ಮತಾಂತರ ನಿಷೇಧ ಕಾಯ್ದೆ ಎಂದು ಜನ ಕರೆಯುವ ಕಾನೂನು ರಾಜ್ಯದಲ್ಲಿ ಜಾರಿಯಲ್ಲಿದೆಯೋ ಇಲ್ಲವೋ ಎಂದು ಕೇಳಿದರೆ ದಿನಾ ಪತ್ರಿಕೆ ಓದುವವರೂ ತಡವರಿಸುತ್ತಾರೆ. 2022ರಲ್ಲಿ ಕಾನೂನು ಬಂತು ಎಂಬುದು ಒಂದು ಸುದ್ದಿ. 2023ರಲ್ಲಿ ಸಚಿವ ಸಂಪುಟ ಅದನ್ನು ರದ್ದುಪಡಿಸಲು ಒಪ್ಪಿತು ಎಂಬುದು ಇನ್ನೊಂದು. 2025ರಲ್ಲಿ ಅದೇ ಕಾನೂನಿನಡಿ ದಾಖಲಾದ ಎಫ್‌ಐಆರ್ ಒಂದನ್ನು ಹೈಕೋರ್ಟ್ ರದ್ದು ಮಾಡಿತು ಎಂಬುದು ಮತ್ತೊಂದು. ಕಾನೂನೇ ಹೋಗಿದ್ದರೆ ಎಫ್‌ಐಆರ್ ಎಲ್ಲಿಂದ ಬಂತು? ಕಾನೂನು ಉಳಿದಿದ್ದರೆ ರದ್ದತಿಯ ಮಾತು ಏನಾಯಿತು?

ಈ ಗೊಂದಲದ ನಡುವೆಯೇ ಡಿಸೆಂಬರ್ ಬರುತ್ತದೆ. ಸಿಂಧನೂರು ಕಡೆಯ ವಲಸಿಗರ ಕ್ಯಾಂಪಿನಲ್ಲೋ ಬಳ್ಳಾರಿಯ ಕೌಲ್‌ಬಜಾರಿನಲ್ಲೋ ಒಂದು ಕ್ರೈಸ್ತ ಕುಟುಂಬ ಪಕ್ಕದ ಮನೆಯವರನ್ನು ‘ಕ್ರಿಸ್ಮಸ್‌ಗೆ ನಮ್ಮನೀಗೆ ಬರ್ರಿ, ಉಂಡು ಹೋಗ್ರಿ’ ಎಂದು ಕರೆಯಲು ಹೊರಟರೆ, ಕಾನೂನಿನ ಪ್ರಶ್ನೆ ಮನೆಯ ಹೊಸ್ತಿಲಿಗೇ ಬಂದು ನಿಲ್ಲುತ್ತದೆ. ಇದು ಸತ್ಕಾರವೋ, ಆಮಿಷವೋ? ಕರೆಯುವವರಿಗೆ ಅಳುಕು. ಹೋಗುವವರಿಗೆ ನಾಳೆ ಯಾರು ಏನಂದಾರೋ ಎಂಬ ಮುಜುಗರ. ಎರಡೂ ಕಡೆಯವರ ಅಳುಕಿಗೆ ಕಾರಣಗಳಿವೆ. ಆ ಕಾರಣಗಳೆಲ್ಲ ಕಾನೂನಿನ ಪುಸ್ತಕದಲ್ಲಿ ಸಿಗುವುದಿಲ್ಲ.

ಕಾನೂನು ಎಲ್ಲಿ ನಿಂತಿದೆ

ಮೊದಲು ದಿನಾಂಕಗಳು. ಮಸೂದೆಗೆ ವಿಧಾನಸಭೆ 2021ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ವಿಧಾನ ಪರಿಷತ್ತಿನಲ್ಲಿ ಅದು ಆಗ ಮುಂದೆ ಸಾಗಲಿಲ್ಲ. 2022ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ಬಂತು. ಸೆಪ್ಟೆಂಬರಿನಲ್ಲಿ ಎರಡೂ ಸದನ ಒಪ್ಪಿ, ರಾಜ್ಯಪಾಲರ ಅಂಕಿತ ಬಿದ್ದು, ‘ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಅಧಿನಿಯಮ’ ಪೂರ್ಣ ಕಾನೂನಾಯಿತು. ಸರ್ಕಾರ ಬದಲಾದ ಮೇಲೆ 2023ರ ಜೂನ್‌ನಲ್ಲಿ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು.

ಎಡವುವುದು ಇಲ್ಲಿಯೇ. ಸಂಪುಟದ ತೀರ್ಮಾನದಿಂದ ಕಾನೂನು ಬಿದ್ದುಹೋಗುವುದಿಲ್ಲ. ರದ್ದತಿಗೂ ಮಸೂದೆ ಬೇಕು, ಎರಡೂ ಸದನಗಳ ಒಪ್ಪಿಗೆ ಬೇಕು, ಅಂಕಿತ ಬೇಕು. ಸಂಪುಟ ತೀರ್ಮಾನಿಸಿ ಸುಮಾರು ಎರಡು ವರ್ಷವಾದಾಗಲೂ ಈ ಕಾನೂನಿನಡಿ ಪ್ರಕರಣ ದಾಖಲಾಯಿತೆಂದರೆ ಕಾನೂನು ಇನ್ನೂ ಕಡತದಲ್ಲಿ ಜೀವಂತವಾಗಿತ್ತು ಎಂದೇ ಅರ್ಥ. ಆ ಪ್ರಕರಣ ಬಾಗಲಕೋಟೆ ಜಿಲ್ಲೆಯ ಜಮಖಂಡಿಯದು. ಆರೋಪಿಗಳು ಕ್ರೈಸ್ತರಲ್ಲ, ಮುಸ್ಲಿಮರು. ದೇವಸ್ಥಾನವೊಂದರ ಬಳಿ ತಮ್ಮ ಧರ್ಮದ ಕರಪತ್ರ ಹಂಚಿದರು ಎಂಬುದು ದೂರು. 2025ರ ಜುಲೈನಲ್ಲಿ ಹೈಕೋರ್ಟ್ ಅದನ್ನು ರದ್ದುಪಡಿಸಿತು. ಯಾರನ್ನೂ ಮತಾಂತರಿಸಿದ ಅಥವಾ ಮತಾಂತರಿಸಲು ಯತ್ನಿಸಿದ ಆರೋಪ ದೂರಿನಲ್ಲಿ ಇರಲಿಲ್ಲ, ದೂರು ಕೊಟ್ಟವರಿಗೆ ಕಾನೂನಿನ ಪ್ರಕಾರ ಆ ಅಧಿಕಾರವೂ ಇರಲಿಲ್ಲ ಎಂಬುದು ನ್ಯಾಯಾಲಯದ ಕಾರಣ. ಕಾನೂನು ಸಂವಿಧಾನಬದ್ಧವೇ ಎಂಬ ದೊಡ್ಡ ಪ್ರಶ್ನೆಗೆ ಇದು ಉತ್ತರವಲ್ಲ. ಬೇರೆ ಬೇರೆ ರಾಜ್ಯಗಳ ಇಂಥ ಕಾನೂನುಗಳನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನ ತನಕ ಹೋಗಿವೆ.

‘ಆಮಿಷ’ ಎಂಬ ಪದದ ಅಗಲ

ಬಲವಂತ, ವಂಚನೆ, ಬೆದರಿಕೆಯಿಂದ ಮತಾಂತರ ಮಾಡಬಾರದು ಎನ್ನುವುದಕ್ಕೆ ಯಾವ ಚರ್ಚೂ ತಕರಾರು ಮಾಡಿಲ್ಲ. ತಕರಾರಿರುವುದು ‘ಆಮಿಷ’ಕ್ಕೆ ಕೊಟ್ಟ ವ್ಯಾಖ್ಯೆಯ ಬಗ್ಗೆ. ಉಡುಗೊರೆ, ನಗದು, ವಸ್ತು ರೂಪದ ಲಾಭ, ಉದ್ಯೋಗ, ಧಾರ್ಮಿಕ ಸಂಸ್ಥೆ ನಡೆಸುವ ಶಾಲೆಯಲ್ಲಿ ಉಚಿತ ಶಿಕ್ಷಣ, ಮದುವೆಯ ಭರವಸೆ, ಉತ್ತಮ ಜೀವನಶೈಲಿ, ದೈವದ ಮುನಿಸು, ಒಂದು ಧರ್ಮದ ಆಚರಣೆಯನ್ನು ಕೀಳಾಗಿ ತೋರಿಸುವುದು, ಒಂದು ಧರ್ಮವನ್ನು ಇನ್ನೊಂದರ ಎದುರು ವೈಭವೀಕರಿಸುವುದು, ಇಷ್ಟೂ ಆಮಿಷದ ಪಟ್ಟಿಯಲ್ಲಿವೆ. ಊಟ ಎಂಬ ಪದ ಅಲ್ಲಿಲ್ಲ. ಆದರೆ ‘ವಸ್ತು ರೂಪದ ಲಾಭ’ ಎಂಬ ಮಾತಿನೊಳಗೆ ಒಂದು ತಟ್ಟೆ ಬಿರಿಯಾನಿಯನ್ನು ಕೂರಿಸಲು ಹಟ ಹಿಡಿದವರಿಗೆ ಕಷ್ಟವೇನಿಲ್ಲ.

ಒಂದನ್ನು ಸ್ಪಷ್ಟವಾಗಿ ಹೇಳಬೇಕು. ಊಟ ಹಾಕುವುದು ಅಪರಾಧವಲ್ಲ, ಊಟಕ್ಕೆ ಹೋಗುವುದಂತೂ ಅಲ್ಲವೇ ಅಲ್ಲ. ಆಮಿಷ ಅಪರಾಧವಾಗುವುದು ಅದರ ಮೂಲಕ ಮತಾಂತರ ನಡೆದಾಗ ಅಥವಾ ಯತ್ನ ನಡೆದಾಗ ಮಾತ್ರ. ಸಿಹಿ ಹಂಚುವುದು, ಕ್ಯಾರಲ್ ಹಾಡುತ್ತ ಮನೆಮನೆಗೆ ಹೋಗುವುದು, ಯೇಸುವಿನ ಜನನದ ಗೊಂಬೆಗಳನ್ನಿಟ್ಟ ಗೋದಲಿ ನೋಡಲು ಓಣಿಯ ಮಕ್ಕಳನ್ನು ಕರೆಯುವುದು, ಇವ್ಯಾವೂ ಮತಾಂತರದ ಯತ್ನವಲ್ಲ.

ಹಾಗಿದ್ದರೂ ಹೆದರಿಕೆ ಏಕೆ? ಏಕೆಂದರೆ ಅಪರಾಧ ಹೌದೋ ಅಲ್ಲವೋ ಎಂಬುದು ಇತ್ಯರ್ಥವಾಗುವುದು ನ್ಯಾಯಾಲಯದಲ್ಲಿ, ಬಂಧನವಾಗುವುದು ಅದಕ್ಕೆ ಬಹಳ ಮುಂಚೆ. ಇದು ಜಾಮೀನುರಹಿತ ಅಪರಾಧ. ಮೂರರಿಂದ ಐದು ವರ್ಷ ಸಜೆ. ಮತಾಂತರಗೊಂಡವರು ಮಹಿಳೆ, ಅಪ್ರಾಪ್ತರು, ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದರೆ ಹತ್ತು ವರ್ಷದ ತನಕ. ಆಮಿಷ ಒಡ್ಡಿಲ್ಲ ಎಂದು ಸಾಬೀತುಪಡಿಸುವ ಹೊಣೆ ಆರೋಪಿಯ ತಲೆ ಮೇಲೆ. ದೂರು ಕೊಡಬಹುದಾದವರ ಸಾಲಿನಲ್ಲಿ ತಂದೆತಾಯಿ, ಒಡಹುಟ್ಟಿದವರು, ರಕ್ತಸಂಬಂಧಿಗಳ ಜೊತೆ ಸಹೋದ್ಯೋಗಿ, ‘ಯಾವುದೇ ರೀತಿಯಲ್ಲಿ ಒಡನಾಟ ಇರುವವರು’ ಕೂಡ ಇದ್ದಾರೆ. ಒಡನಾಟ ಎಂದರೆ ಗೆಳೆತನವೇ. ಯಾರ ಜೊತೆ ಕೂತು ಉಂಡಿರೋ ಅವರಿಗೇ ದೂರಿನ ಹಕ್ಕು ಬಂದಾಗ, ಕರೆಯುವವರು ಎರಡು ಸಲ ಯೋಚಿಸುವುದು ಸಹಜ. ಹಿಂದಿನ ಧರ್ಮಕ್ಕೆ ಮರಳುವುದಕ್ಕೆ ಮಾತ್ರ ಈ ಕಾನೂನು ತಾಗುವುದಿಲ್ಲ ಎಂಬ ವಿನಾಯಿತಿಯೂ ಉಂಟು. ಪಕ್ಷಪಾತದ ದೂರು ಹುಟ್ಟುವುದು ಅಲ್ಲಿಂದ.

ಇನ್ನೊಂದು ಬದಿಯ ಕಾನೂನು ನೆಲೆಯೂ ಗಟ್ಟಿಯಾಗಿಯೇ ಇದೆ. ಧರ್ಮವನ್ನು ಪ್ರಚಾರ ಮಾಡುವ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲ ಎಂದು 1977ರ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2022ರ ಡಿಸೆಂಬರಿನಲ್ಲಿ ವಿಚಾರಣೆಯೊಂದರ ನಡುವೆ ಅದೇ ಕೋರ್ಟಿನ ಪೀಠ, ದಾನಧರ್ಮ ಸ್ವಾಗತಾರ್ಹವೇ, ಆದರೆ ಅದರ ಉದ್ದೇಶ ಮತಾಂತರವಾಗಬಾರದು ಎಂದಿತು. ಉದ್ದೇಶ ಎಂಬುದು ಇಡೀ ಜಗಳದ ಮುಖ್ಯ ಪದ. ಉಣಬಡಿಸುವವರ ಮನಸ್ಸಿನೊಳಗೆ ಏನಿದೆ ಎಂದು ಅಳೆಯುವುದು ಹೇಗೆ?

ಮುಯ್ಯಿ ಪುಸ್ತಕ ಮತ್ತು ಲೂಕನ ಸುವಾರ್ತೆ

ನಮ್ಮ ಕಡೆಯ ಮದುವೆಗಳಲ್ಲಿ ಮುಯ್ಯಿ ಬರೆಯುವ ಪದ್ಧತಿ ಎಲ್ಲರಿಗೂ ಗೊತ್ತು. ಮಂಟಪದ ಪಕ್ಕ ಒಬ್ಬರು ಪುಸ್ತಕ ಹಿಡಿದು ಕೂರುತ್ತಾರೆ. ಇಂಥವರದು ನೂರೊಂದು, ಇಂಥವರದು ಒಂದು ಕುಪ್ಪಸದ ಬಟ್ಟೆ, ಒಂದು ಪಾತ್ರೆ. ನಾಳೆ ಅವರ ಮನೆಯ ಮದುವೆಗೆ ಪುಸ್ತಕ ತೆರೆದು ನೋಡಿ ಅಷ್ಟಕ್ಕೆ ಒಂದು ಹೆಚ್ಚಾಗಿಯೇ ಹಾಕಿ ಬರುವುದು. ಇದು ಲೆಕ್ಕಾಚಾರ ಎಂದು ಹಗುರಾಗಿ ನೋಡುವಂತಿಲ್ಲ. ಕೊಟ್ಟವರೂ ಇಸಿದುಕೊಂಡವರೂ ಸಮಾನರು ಎಂಬ ಮರ್ಯಾದೆ ಅದರಲ್ಲಿದೆ. ಮರಳಿ ಕೊಡಲು ಆಗದ ಕೊಡುಗೆಗೆ ಕನ್ನಡದಲ್ಲಿ ಬೇರೆಯೇ ಪದವಿದೆ: ಹಂಗು. ಅನ್ನದ ಋಣವನ್ನು ಸಂತೋಷದಿಂದ ನೆನೆಯಬಹುದು. ಹಂಗು ಮಾತ್ರ ಚುಚ್ಚುತ್ತದೆ.

ಕ್ರೈಸ್ತ ಧರ್ಮದ ಅತಿಥಿಸತ್ಕಾರ ಹುಟ್ಟುವುದು ಇದಕ್ಕೆ ಸರಿಯಾಗಿ ಎದುರು ದಿಕ್ಕಿನಿಂದ. ಬೈಬಲಿನ ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಸತ್ಕಾರಕ್ಕೆ ಬಳಸಿದ ಪದ ‘ಫಿಲೊಕ್ಸೇನಿಯಾ’, ಅಂದರೆ ಅಪರಿಚಿತರ ಮೇಲಿನ ಪ್ರೀತಿ. ಲೂಕನ ಸುವಾರ್ತೆಯ 14ನೇ ಅಧ್ಯಾಯದಲ್ಲಿ ಯೇಸು ಔತಣದ ಬಗ್ಗೆ ಹೇಳುವ ಮಾತಿನ ತಿರುಳು ಹೀಗಿದೆ: ಗೆಳೆಯರು, ಬಂಧುಗಳು, ಸಿರಿವಂತ ನೆರೆಯವರನ್ನೇ ಕರೆದರೆ ಅವರು ತಿರುಗಿ ನಿನ್ನನ್ನು ಕರೆದಾರು, ಅಲ್ಲಿಗೆ ಮುಯ್ಯಿ ತೀರಿತು, ಬಡವರನ್ನು, ಕುಂಟರನ್ನು, ಕುರುಡರನ್ನು ಕರೆ, ಏಕೆಂದರೆ ಅವರ ಬಳಿ ಮರಳಿ ಕೊಡಲು ಏನೂ ಇಲ್ಲ. ಶ್ರದ್ಧೆಯುಳ್ಳ ಕ್ರೈಸ್ತರಿಗೆ ಇದು ಆಜ್ಞೆ. ಮುಯ್ಯಿ ಬರೆದುಕೊಳ್ಳದ ಊಟವೇ ಶ್ರೇಷ್ಠ ಊಟ.

ಈ ಊಟ ನಮ್ಮ ಊರಿಗೆ ಬಂದಾಗ ಏನಾಗುತ್ತದೆ? ಮುಯ್ಯಿಯ ಲೆಕ್ಕದಲ್ಲೇ ಬೆಳೆದ ನೆರೆಯವರು ಸಹಜವಾಗಿ ಕೇಳುತ್ತಾರೆ: ಇಷ್ಟು ಮಾಡುತ್ತಾರಲ್ಲ, ಬದಲಿಗೆ ಏನು ಬೇಕು ಇವರಿಗೆ? ಹಣ ಕೇಳುವುದಿಲ್ಲ, ವೋಟು ಕೇಳುವುದಿಲ್ಲ. ಹಾಗಾದರೆ ಕೇಳುವುದು ಧರ್ಮವನ್ನೇ ಇರಬೇಕು. ಕೊಡುವವರು ಪುಣ್ಯವೆಂದು ತಿಳಿದದ್ದು ನೋಡುವವರಿಗೆ ಗುಟ್ಟಿನ ಸಾಲವಾಗಿ ಕಾಣುತ್ತದೆ. ದ್ವೇಷವೇ ಇಲ್ಲದ ಮನೆಗಳಲ್ಲೂ ಅನುಮಾನ ಹುಟ್ಟುವುದು ಹೀಗೆ. ರಾಜಕೀಯ ಅದನ್ನು ಊದಿ ಉರಿಸುತ್ತದೆ ಎಂಬುದು ನಿಜ, ಆದರೆ ಕಿಡಿ ಇರುವುದು ಎರಡು ಬಗೆಯ ಸತ್ಕಾರಗಳು ಎದುರುಬದುರಾಗುವ ಈ ಜಾಗದಲ್ಲಿ.

ಕೊಪ್ಪಳದ ಗವಿಮಠದ ಜಾತ್ರೆಯನ್ನು ಪಕ್ಕದಲ್ಲಿ ಇಟ್ಟು ನೋಡಿ. ಸುತ್ತಲ ಹಳ್ಳಿಗಳಿಂದ ಬಂಡಿ, ಟ್ರ್ಯಾಕ್ಟರುಗಳಲ್ಲಿ ರೊಟ್ಟಿ ಬರುತ್ತದೆ, ಲಕ್ಷಗಟ್ಟಲೆ ಜನ ಉಂಡು ಹೋಗುತ್ತಾರೆ, ಯಾರ ಜಾತಿ ಧರ್ಮವನ್ನೂ ಕೇಳುವುದಿಲ್ಲ. ಅದನ್ನು ಯಾರೂ ಆಮಿಷ ಎನ್ನುವುದಿಲ್ಲ, ಅನ್ನಲೂ ಬಾರದು. ಉಚಿತ ಊಟ, ಉಚಿತ ವಸತಿ, ಉಚಿತ ಶಿಕ್ಷಣ ಕೊಡುವ ಮಠಗಳು ಈ ನಾಡಿನ ಹೆಮ್ಮೆ. ವ್ಯತ್ಯಾಸ ಎಲ್ಲಿದೆಯೆಂದರೆ, ದಾಸೋಹಕ್ಕೆ ರೊಟ್ಟಿ ತರುವವರೂ ಉಣ್ಣುವವರೂ ಅದೇ ಜನ. ನಿನ್ನೆ ಉಂಡವರು ಇವತ್ತು ಬುಟ್ಟಿ ಹೊತ್ತು ತರುತ್ತಾರೆ. ಕೊಡುವ ಕೈ, ಇಸಿದುಕೊಳ್ಳುವ ಕೈ ಬೇರೆಬೇರೆಯಲ್ಲ ಎಂಬ ನಂಬಿಕೆಯೇ ಅಲ್ಲಿ ಹಂಗನ್ನು ಕರಗಿಸುತ್ತದೆ.

ಬರಗಾಲ ಕಲಿಸಿದ ಎಚ್ಚರ

ಮಿಷನರಿಗಳಿಗೆ ಈ ಹಂಗಿನ ತೊಡಕು ತಿಳಿದಿರಲಿಲ್ಲ ಎಂದಲ್ಲ. 1876–78ರ ಮಹಾಕ್ಷಾಮದಲ್ಲಿ ಬಳ್ಳಾರಿ ಸೀಮೆ ನರಳಿದಂತೆಯೇ ತೆಲುಗು ಕರಾವಳಿಯೂ ನರಳಿತು. ಒಂಗೋಲಿನಲ್ಲಿದ್ದ ಅಮೆರಿಕನ್ ಬ್ಯಾಪ್ಟಿಸ್ಟ್ ಮಿಷನರಿ ಜಾನ್ ಕ್ಲಫ್ ಬಕಿಂಗ್‌ಹ್ಯಾಮ್ ಕಾಲುವೆಯ ಒಂದು ಭಾಗದ ಗುತ್ತಿಗೆ ಹಿಡಿದು ಹಸಿದವರಿಗೆ ಕೂಲಿ ಕೊಟ್ಟರು. ಆದರೆ ಕ್ಷಾಮ ಪರಿಹಾರ ನಡೆಯುವಷ್ಟು ಕಾಲ ಯಾರಿಗೂ ಕ್ರೈಸ್ತ ಧರ್ಮಕ್ಕೆ ಸೇರಿಸಿಕೊಳ್ಳುವ ದೀಕ್ಷಾಸ್ನಾನ ಕೊಡಲಿಲ್ಲ, ಗಂಜಿಗಾಗಿ ಬಂದರು ಎಂಬ ಮಾತು ಬರಬಾರದೆಂದು. ಪರಿಹಾರ ನಿಂತ ಮೇಲೆ, 1878ರ ಜುಲೈ 3ರಂದು ಒಂದೇ ದಿನ 2,222 ಜನ ದೀಕ್ಷಾಸ್ನಾನ ಪಡೆದರು. ಬಹುಪಾಲು ಮಾದಿಗರು.

ಈ ಘಟನೆಯನ್ನು ಎರಡು ಬಗೆಯಲ್ಲೂ ಓದಬಹುದು. ಅನ್ನವನ್ನೂ ದೀಕ್ಷೆಯನ್ನೂ ಬೇರೆ ಇಟ್ಟ ಪ್ರಾಮಾಣಿಕತೆ ಅದು ಎನ್ನಬಹುದು. ಅನ್ನದ ಋಣವೇ ಆಮೇಲೆ ಅವರನ್ನು ಕರೆತಂದಿತು ಎನ್ನಬಹುದು. ಮೂರನೆಯದೊಂದು ಓದೂ ಇದೆ: ಊರ ಹೊರಗೆ ಇಟ್ಟ ಜನ ತಮ್ಮನ್ನು ಮನುಷ್ಯರಂತೆ ಕಂಡವರ ಕಡೆ ತಾವಾಗಿ ನಡೆದರು. ಇತಿಹಾಸದಲ್ಲಿ ಈ ಮೂರೂ ಬೆರೆತಿರಬಹುದು. ಆದರೆ ಮೂರನೆಯ ಓದನ್ನು ಬಿಟ್ಟು ಬರಿಯ ಮೊದಲೆರಡನ್ನೇ ಹಿಡಿದು ಜಗಳಾಡಿದರೆ, ಆ 2,222 ಜನ ಯಾರದೋ ಕೈಯ ಕಾಯಿಗಳಾಗಿ ಉಳಿದುಬಿಡುತ್ತಾರೆ.

ಇದು ದೂರದ ಕಥೆಯೂ ಅಲ್ಲ. ತುಂಗಭದ್ರಾ ಕಾಲುವೆಗಳಲ್ಲಿ ನೀರು ಹರಿದ ಮೇಲೆ ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು ಸಿಂಧನೂರು, ಮಾನ್ವಿ, ಗಂಗಾವತಿ ಸುತ್ತ ಎದ್ದವು. ಅವರ ಹಿಂದೆಯೇ ಬಂದ ಕೂಲಿಕಾರರಲ್ಲಿ ತೆಲುಗು ಕ್ರೈಸ್ತರೂ ಇದ್ದರು. ಅವರ ಪುಟ್ಟ ಪ್ರಾರ್ಥನಾಲಯಗಳು ಯಾರೋ ಹೊರಗಿನವರು ನಿನ್ನೆ ನೆಟ್ಟವಲ್ಲ. ಭತ್ತದ ನಾಟಿಯ ಜೊತೆಗೇ ಬಂದವು.

ಈ ನೆಲದ ಹಳೆಯ ಪರಿಚಯ

ಅದಕ್ಕಿಂತ ಹಳೆಯದು ರಾಯಚೂರು ಜಿಲ್ಲೆಯ ಮುದಗಲ್ಲು. ಬಿಜಾಪುರದ ಆದಿಲ್‌ಶಾಹಿ ಕಾಲದಲ್ಲೇ, 16ನೇ ಶತಮಾನದಲ್ಲಿ, ಗೋವೆಯ ಜೆಸ್ಯೂಟ್ ಪಾದ್ರಿಗಳು ಅಲ್ಲಿ ಕ್ಯಾಥೊಲಿಕ್ ಸಮುದಾಯವನ್ನು ಕಟ್ಟಿದರು. ಮುಸ್ಲಿಂ ದೊರೆಯ ಕೋಟೆ ಊರು, ಸುತ್ತ ಲಿಂಗಾಯತ, ಬೇಡ, ಕುರುಬ ಹಳ್ಳಿಗಳು, ನಡುವೆ ಕ್ರೈಸ್ತರ ಕೇರಿ. ಅದೇ ಮುದಗಲ್ಲಿನ ಮೊಹರಂಗೆ ಸುತ್ತಲ ಹಿಂದೂಗಳು ಅಲಾಯಿ ದೇವರಿಗೆ ಹರಕೆ ಹೊತ್ತು ಬರುತ್ತಾರೆ, ಚೊಂಗೆ ಮಾಡಿ ಹಂಚುತ್ತಾರೆ. ಬೇರೆಯವರ ದೇವರ ಎದುರು ನಿಂತು ಬಂದರೆ ತಮ್ಮ ದೇವರಿಗೆ ದ್ರೋಹವಾಗುತ್ತದೆ ಎಂಬ ಭಾವನೆಯೇ ಈ ಭಾಗದ ಸಾಮಾನ್ಯ ಜನರಲ್ಲಿ ಹಿಂದೆ ಗಟ್ಟಿಯಾಗಿರಲಿಲ್ಲ.

ಬಳ್ಳಾರಿಯ ದಾರಿ ಬೇರೆ. 1800ರಲ್ಲಿ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಗೆ ಬಂದ ಸೀಮೆ ಅದು. ರಾಯಚೂರು, ಕೊಪ್ಪಳ 1948ರ ತನಕ ನಿಜಾಮನ ಕೈಯಲ್ಲೇ ಉಳಿದವು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಪೂರ್ತಿ ಬೈಬಲ್ ಕನ್ನಡದಲ್ಲಿ ಅಚ್ಚಾಗಿ ಮುಗಿದದ್ದು 1831ರಲ್ಲಿ, ಬಳ್ಳಾರಿಯಲ್ಲೇ. ಅದೇ ಮಿಷನ್ನಿನ ವಿಲಿಯಂ ರೀವ್ ಕನ್ನಡ ನಿಘಂಟು ಮಾಡಿದರು. 1846ರಲ್ಲಿ ಆರಂಭವಾದ ವಾರ್ಡ್ಲಾ ಶಾಲೆಯಲ್ಲಿ ಎಲ್ಲ ಜಾತಿಯ ಹುಡುಗರು ಓದಿದರು, ಓದಿದ ಬಹುಪಾಲು ಜನ ತಂತಮ್ಮ ಧರ್ಮದಲ್ಲೇ ಉಳಿದರು. ಇದು ಗಮನಿಸಬೇಕಾದ ಸಂಗತಿ. ಎರಡು ಶತಮಾನದ ಶಾಲೆ, ಆಸ್ಪತ್ರೆ, ಅಚ್ಚುಕೂಟಗಳ ನಂತರ 2011ರ ಜನಗಣತಿಯಲ್ಲಿ ರಾಜ್ಯದ ಕ್ರೈಸ್ತರ ಪಾಲು ಶೇ 1.87. ಶಾಲೆಯ ಶಿಕ್ಷಣವೇ ಆಮಿಷವಾಗಿದ್ದರೆ ಲೆಕ್ಕ ಹೀಗೆ ಇರುತ್ತಿರಲಿಲ್ಲ.

ಗೆಳೆತನದ ವಿಷಯ ಬಂದಾಗ ಹೇಳಲೇಬೇಕಾದ ಹೆಸರು ರೆವರೆಂಡ್ ಉತ್ತಂಗಿ ಚನ್ನಪ್ಪನವರದು (1881–1962). ಅವರ ಹೆಸರಿನಲ್ಲಿರುವ ಉತ್ತಂಗಿ ಹಳೆಯ ಬಳ್ಳಾರಿ ಜಿಲ್ಲೆಯ ಹೂವಿನ ಹಡಗಲಿ ತಾಲ್ಲೂಕಿನ ಊರು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಬಾಸೆಲ್ ಮಿಷನ್ನಿನ ಪಾದ್ರಿಯಾಗಿದ್ದ ಅವರು ಸರ್ವಜ್ಞನ ವಚನಗಳನ್ನು ಹುಡುಕಿ, ಪಾಠ ಹೋಲಿಸಿ, 1924ರಲ್ಲಿ ಪ್ರಕಟಿಸಿದರು. ಕೈಬರಹದ ಕಟ್ಟುಗಳಿಗಾಗಿ, ಬಾಯಿಪಾಠದ ತ್ರಿಪದಿಗಳಿಗಾಗಿ ಕಂಡವರ ಮುಂದೆ ಕೈಚಾಚುವ ಕೆಲಸ ಅದು. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಪಾದ್ರಿಯೊಬ್ಬರು ಇಲ್ಲಿ ಕೊಡುವವರಾಗಿ ಬರಲಿಲ್ಲ, ಕೇಳುವವರಾಗಿ ಬಂದರು. ಕನ್ನಡ ಜನ ಅವರನ್ನು ಅನುಮಾನಿಸದೆ ತಲೆಯ ಮೇಲೆ ಹೊತ್ತದ್ದಕ್ಕೆ ಇದೇ ದೊಡ್ಡ ಕಾರಣ ಎಂದು ತೋರುತ್ತದೆ.

ತಟ್ಟೆಯ ಪ್ರಶ್ನೆ, ಜಾತಿಯ ಪ್ರಶ್ನೆ

ಸತ್ಕಾರದ ಬಗ್ಗೆ ಮಾತನಾಡುತ್ತ ಜಾತಿಯನ್ನು ಬದಿಗಿಟ್ಟರೆ ಅರ್ಧ ಸತ್ಯವೂ ಸಿಗುವುದಿಲ್ಲ. ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಕ್ಷೌರದಂಗಡಿ, ಹೋಟೆಲುಗಳಲ್ಲಿ ದಲಿತರಿಗೆ ಪ್ರವೇಶವಿಲ್ಲ ಎಂಬುದನ್ನು ಪ್ರಶ್ನಿಸಿದ್ದು ಅದರ ಹಿನ್ನೆಲೆ. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ 2021ರಲ್ಲಿ ಎರಡು ವರ್ಷದ ದಲಿತ ಮಗು ಗುಡಿಯೊಳಗೆ ಓಡಿತು ಎಂದು ಕುಟುಂಬಕ್ಕೆ ದಂಡ ಹೇಳಿದರು. ಗುಡಿಯ ಶುದ್ಧೀಕರಣದ ಖರ್ಚೆಂದು.

ಹೋಟೆಲಿನ ಬೆಂಚಿನ ಮೇಲೆ ಕೂರಲು ಬಿಡದ ಊರಿನಲ್ಲಿ ಯಾರೋ ಒಬ್ಬರು ಚಾಪೆ ಹಾಸಿ, ಪಕ್ಕದಲ್ಲಿ ಕೂತು, ಒಂದೇ ಪಾತ್ರೆಯಿಂದ ಬಡಿಸಿದರೆ ಆ ಊಟದ ಬೆಲೆ ಎಷ್ಟು? ಅದನ್ನು ಅಕ್ಕಿಯ ದರದಲ್ಲಿ ಅಳೆಯಲಾಗದು. ಉಂಡವರು ಆ ಮನೆಯ ದೇವರನ್ನೂ ನೋಡೋಣ ಎಂದುಕೊಂಡರೆ ಅದನ್ನು ಆಮಿಷ ಎನ್ನುವ ಮೊದಲು, ಅವರಿಗೆ ಆ ಮರ್ಯಾದೆ ಬೇರೆಲ್ಲೂ ಸಿಗದಂತೆ ಮಾಡಿದವರು ಯಾರು ಎಂದು ಕೇಳಬೇಕಾಗುತ್ತದೆ. ಚರ್ಚುಗಳೂ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವಂತಿಲ್ಲ. ದಕ್ಷಿಣ ಭಾರತದ ಎಷ್ಟೋ ಚರ್ಚುಗಳಲ್ಲಿ ಬೆಂಚು, ಸಮಾಧಿ, ಸಂಬಂಧಗಳಲ್ಲಿ ಜಾತಿ ಉಳಿದೇ ಇದೆ.

ಇದಕ್ಕೆ ಇನ್ನೊಂದು ಗಂಟು ಬಿದ್ದಿದೆ. ಪರಿಶಿಷ್ಟ ಜಾತಿಗಳ ಕುರಿತ 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಆ ಸ್ಥಾನಮಾನ ಹಿಂದೂಗಳಿಗೆ, 1956ರಿಂದ ಸಿಖ್ಖರಿಗೆ, 1990ರಿಂದ ಬೌದ್ಧರಿಗೆ ಮಾತ್ರ. ಕ್ರೈಸ್ತರಾದರೆ ಅದು ಹೋಗುತ್ತದೆ. ಕರ್ನಾಟಕದಲ್ಲಿ ಅವರು ಹಿಂದುಳಿದವರ ಪ್ರವರ್ಗ 1ಕ್ಕೆ ಬರುತ್ತಾರೆ. ಈ ನಿಯಮ ಬದಲಿಸಬೇಕೇ ಎಂದು ನೋಡಲು ಕೇಂದ್ರ ಸರ್ಕಾರ 2022ರಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗ ರಚಿಸಿತು. ಪರಿಣಾಮ ಹಳ್ಳಿಯಲ್ಲಿ ಹೀಗೆ ಕಾಣುತ್ತದೆ: ಭಾನುವಾರ ಪ್ರಾರ್ಥನೆಗೆ ಹೋಗುವವರು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಮಗಳ ಹಾಸ್ಟೆಲ್ ಸೀಟು, ಮಗನ ಸರ್ಟಿಫಿಕೇಟು ಹೋದೀತು. ಮುಚ್ಚಿಟ್ಟದ್ದು ಗುಟ್ಟಿನಂತೆ ಕಾಣುತ್ತದೆ, ಗುಟ್ಟಿನಂತೆ ಕಂಡದ್ದು ಸಂಚಿನಂತೆ ಕಾಣುತ್ತದೆ. ಬಹಿರಂಗವಾಗಿ ಗೆಳೆಯರಾಗಿರಲು ಬೇಕಾದ ಮೊದಲ ಷರತ್ತೇ, ಅಂದರೆ ತಾವು ಯಾರೆಂದು ಹೇಳಿಕೊಳ್ಳುವ ಧೈರ್ಯವೇ, ಇಲ್ಲಿ ದುಬಾರಿ.

ಕ್ರೈಸ್ತರೆಲ್ಲ ಒಂದೇ ಮಾತಾಡುವುದಿಲ್ಲ

ಕಾನೂನಿನ ಬೆಂಬಲಿಗರ ವಾದದಲ್ಲಿ ಒಂದು ತಿರುಳಿದೆ. ಹಸಿದವರ, ಕಾಯಿಲೆಯವರ ಒಪ್ಪಿಗೆ ಪೂರ್ತಿ ಸ್ವತಂತ್ರ ಒಪ್ಪಿಗೆಯಲ್ಲ; ಮನೆಯ ಒಬ್ಬರು ಹೋದರೆ ಕುಲದೇವರ ಪೂಜೆ, ಹಿರಿಯರ ಎಡೆ, ಮದುವೆ ಸಂಬಂಧ ಎಲ್ಲ ಹರಿಯುತ್ತವೆ. ಈ ನೋವು ನಿಜ. ವಿರೋಧಿಗಳ ಉತ್ತರದಲ್ಲೂ ತಿರುಳಿದೆ. ಬಡವರು ವೋಟು ಹಾಕಬಲ್ಲರು, ಸಾಲಪತ್ರಕ್ಕೆ ಹೆಬ್ಬೆಟ್ಟು ಒತ್ತಬಲ್ಲರು, ದೇವರನ್ನು ಆರಿಸಿಕೊಳ್ಳುವ ಬುದ್ಧಿ ಮಾತ್ರ ಅವರಿಗಿಲ್ಲ ಎಂದು ಕಾನೂನೇ ಹೇಳುವುದು ಅವಮಾನ. ಪರಿಶಿಷ್ಟರನ್ನೂ ಮಹಿಳೆಯರನ್ನೂ ಅಪ್ರಾಪ್ತರ ಸಾಲಿನಲ್ಲಿ ನಿಲ್ಲಿಸಿದ್ದರಲ್ಲಿ ಆ ಅವಮಾನ ಎದ್ದು ಕಾಣುತ್ತದೆ.

ಹೊರಗೆ ಕಡಿಮೆ ಕೇಳಿಸುವುದು ಕ್ರೈಸ್ತರ ಒಳಗಿನ ಭಿನ್ನಮತ. ಕ್ಯಾಥೊಲಿಕ್ ಚರ್ಚಿನ ಎರಡನೇ ವ್ಯಾಟಿಕನ್ ಸಮ್ಮೇಳನ 1965ರಲ್ಲಿ, ಬೇರೆ ಧರ್ಮಗಳಲ್ಲಿರುವ ಸತ್ಯವನ್ನೂ ಪವಿತ್ರವನ್ನೂ ಚರ್ಚ್ ತಿರಸ್ಕರಿಸುವುದಿಲ್ಲ ಎಂದಿತು. ಒತ್ತಾಯ, ಆಮಿಷಗಳಿಂದ ಯಾರನ್ನೂ ಸೆಳೆಯಬಾರದೆಂದು ನಿಷೇಧಿಸಿತು. ಪೋಪ್ ಹದಿನಾರನೇ ಬೆನೆಡಿಕ್ಟ್ 2005ರ ತಮ್ಮ ಮೊದಲ ವಿಶ್ವಪತ್ರದಲ್ಲಿ, ಸೇವೆ ಬೇರೆ ಗುರಿ ಸಾಧಿಸುವ ಉಪಾಯವಾಗಬಾರದು ಎಂದರು. 2011ರಲ್ಲಿ ವ್ಯಾಟಿಕನ್ನಿನ ಅಂತರ್‌ಧರ್ಮ ಸಂವಾದ ಮಂಡಳಿ, ವರ್ಲ್ಡ್ ಕೌನ್ಸಿಲ್ ಆಫ್ ಚರ್ಚಸ್, ವರ್ಲ್ಡ್ ಇವ್ಯಾಂಜೆಲಿಕಲ್ ಅಲಯನ್ಸ್ ಮೂರೂ ಸೇರಿ ಹೊರಡಿಸಿದ ನಡವಳಿಕೆಯ ಸೂತ್ರಗಳು ಇನ್ನೂ ನೇರ: ಬಡತನವನ್ನೂ ಕಷ್ಟವನ್ನೂ ದುರುಪಯೋಗ ಮಾಡಿಕೊಳ್ಳಬಾರದು, ಹಣಕಾಸಿನ ಆಸೆ ತೋರಿಸುವುದನ್ನು ಖಂಡಿಸಬೇಕು. ಕ್ಯಾಥೊಲಿಕ್, ಪ್ರೊಟೆಸ್ಟೆಂಟ್, ಇವ್ಯಾಂಜೆಲಿಕಲ್ ಮೂರೂ ಧಾರೆಗಳು ಒಂದೇ ಕಾಗದಕ್ಕೆ ಬಂದದ್ದು ಸಣ್ಣ ಸಂಗತಿಯಲ್ಲ.

ತೊಡಕು ಎಂದರೆ, ಯಾವ ಬಿಷಪ್ಪರಿಗೂ ಯಾವ ಒಕ್ಕೂಟಕ್ಕೂ ಉತ್ತರ ಕೊಡಬೇಕಿಲ್ಲದ ಸ್ವತಂತ್ರ ಪ್ರಾರ್ಥನಾಲಯಗಳು ಈಗ ಬಹಳ. ಅಲ್ಲಿಯ ಎಷ್ಟೋ ಪಾಸ್ಟರುಗಳು ಬಡವರ ನಡುವೆ ಬಡವರಾಗಿಯೇ ಬದುಕುತ್ತಾರೆ. ಕೆಲವರು ಮಾತ್ರ ಮೈಕಿನಲ್ಲಿ ನೆರೆಯವರ ದೇವರನ್ನು ದೆವ್ವ ಎನ್ನುತ್ತಾರೆ, ಔಷಧ ಬಿಟ್ಟು ಪ್ರಾರ್ಥಿಸಿದರೆ ಕಾಯಿಲೆ ವಾಸಿ ಎನ್ನುತ್ತಾರೆ. ಇದು ತಪ್ಪು. ಕಾನೂನು ಇರಲಿ ಬಿಡಲಿ ತಪ್ಪು. ಉಂಡ ಮನೆಗೆ ಎರಡು ಬಗೆಯಬಾರದು ಎಂಬ ಮಾತು ಉಣಿಸಿದವರಿಗೂ ಅನ್ವಯಿಸುತ್ತದೆ: ಅನ್ನ ಬಡಿಸಿದ ಬಾಯಲ್ಲೇ ಅತಿಥಿಯ ದೇವರನ್ನು ಹಳಿದರೆ ಆ ಊಟ ಸತ್ಕಾರವಾಗಿ ಉಳಿಯುವುದಿಲ್ಲ.

ಪ್ರಸಾದ ಕೊಟ್ಟರೆ ಏನು ಮಾಡುವುದು

ಈಗ ಎದುರು ಬದಿ. ಕ್ರೈಸ್ತರು ಅತಿಥಿಗಳಾಗಿ ಹೋದಾಗ ಏನಾಗುತ್ತದೆ? ನೆರೆಯವರ ಅಸಮಾಧಾನದ ಮೂಲ ಹಲವು ಸಲ ಇಲ್ಲಿರುತ್ತದೆ. ‘ನಾವು ಅವರ ಕೇಕು ತಿಂತೀವಿ, ಅವರು ನಮ್ಮ ಪ್ರಸಾದ ಮುಟ್ಟಂಗಿಲ್ಲ’ ಎಂಬ ಮಾತು.

ಇದಕ್ಕೂ ಶಾಸ್ತ್ರಾಧಾರವಿದೆ, ಮತ್ತು ಅದು ಒಂದೇ ಕಡೆ ವಾಲುವುದಿಲ್ಲ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 10ನೇ ಅಧ್ಯಾಯದಲ್ಲಿ ಆದಿ ಕ್ರೈಸ್ತ ಧರ್ಮಪ್ರಚಾರಕ ಪೌಲ ಹೇಳುವುದು ಹೀಗೆ: ಬೇರೆ ನಂಬಿಕೆಯವರು ಊಟಕ್ಕೆ ಕರೆದು ನಿಮಗೆ ಹೋಗಲು ಮನಸ್ಸಿದ್ದರೆ, ಎದುರು ಬಡಿಸಿದ್ದನ್ನು ಪ್ರಶ್ನೆ ಕೇಳದೆ ಉಣ್ಣಿರಿ, ಇದು ನೈವೇದ್ಯದ್ದು ಎಂದು ಯಾರಾದರೂ ತೋರಿಸಿ ಹೇಳಿದರೆ ಮಾತ್ರ ಬಿಡಿ. ಅಂದರೆ ದೀಪಾವಳಿಯ ಹೋಳಿಗೆ, ರಂಜಾನಿನ ಸುರಕುಂಬಾ, ಜಾತ್ರೆಯ ಮಾದಲಿ, ಮದುವೆಯ ಊಟಕ್ಕೆ ಅಡ್ಡಿಯಿಲ್ಲ. ದೇವರಿಗೆ ಏರಿಸಿದ ಪ್ರಸಾದದ ವಿಷಯದಲ್ಲಿ ಮಾತ್ರ ತಡೆ. ಕ್ಯಾಥೊಲಿಕರಲ್ಲಿ ಅನೇಕರು ಅದನ್ನೂ ಗೌರವದಿಂದ ಕೈಯೊಡ್ಡಿ ತೆಗೆದುಕೊಳ್ಳುತ್ತಾರೆ, ಪ್ರೊಟೆಸ್ಟೆಂಟರ ಒಂದು ಪಂಗಡವಾದ ಪೆಂತೆಕೋಸ್ತರು ಸಾಮಾನ್ಯವಾಗಿ ಒಲ್ಲೆ ಎನ್ನುತ್ತಾರೆ. ಒಲ್ಲೆ ಎನ್ನುವುದು ಅವರ ನಂಬಿಕೆಯ ಭಾಗ. ಲಿಂಗಾಯತರ ಮನೆಯವರು ಕ್ರಿಸ್ಮಸ್ಸಿಗೆ ಬಂದು ಮಾಂಸದೂಟ ಒಲ್ಲೆ ಎಂದಾಗ ಯಾರೂ ಮುನಿಸಿಕೊಳ್ಳುವುದಿಲ್ಲ, ಬೇರೆ ಒಲೆಯಲ್ಲಿ ಅನ್ನ ಸಾರು ಮಾಡಿ ಬಡಿಸುತ್ತಾರೆ. ಪ್ರಸಾದಕ್ಕೂ ಅದೇ ತಿಳಿವಳಿಕೆ ಸಾಕು. ‘ಇದು ನಮ್ಮ ನೇಮ, ನಿಮ್ಮ ಮೇಲಿನ ತಿರಸ್ಕಾರ ಅಲ್ಲ, ಊಟ ಮಾತ್ರ ಮಾಡೇ ಹೋಗ್ತೀನ್ರಿ’ ಎಂದು ಕೂತರೆ ನೋವು ಉಳಿಯುವುದಿಲ್ಲ. ನೋವಾಗುವುದು ಒಲ್ಲೆ ಎಂದದ್ದಕ್ಕಲ್ಲ, ಹಬ್ಬಕ್ಕೇ ಬಾರದೆ ತಪ್ಪಿಸಿಕೊಂಡದ್ದಕ್ಕೆ.

ಯೋಹಾನನ ಸುವಾರ್ತೆಯ 4ನೇ ಅಧ್ಯಾಯದಲ್ಲಿ ಯೇಸು ದಣಿದು ಬಾವಿಯ ಬಳಿ ಕೂತು, ತನ್ನ ಜನರಾದ ಯೆಹೂದ್ಯರು ಹೊಕ್ಕುಬಳಕೆ ಇಟ್ಟುಕೊಳ್ಳದ ಸಮಾರ್ಯ ಜನಾಂಗದ ಹೆಣ್ಣುಮಗಳ ಹತ್ತಿರ ಕುಡಿಯಲು ನೀರು ಕೇಳುತ್ತಾನೆ. ನೀನು ನನ್ನ ಕೈಯ ನೀರು ಕೇಳುವುದೇ ಎಂದು ಅವಳಿಗೇ ಬೆರಗು. ಮುಟ್ಟಿದ ನೀರು, ಮುಟ್ಟದ ನೀರು ಎಂಬ ಭೇದ ಇನ್ನೂ ಹೋಗದ ಈ ಜಿಲ್ಲೆಗಳಲ್ಲಿ ಆ ಬೆರಗು ಯಾರಿಗೂ ವಿವರಿಸಬೇಕಿಲ್ಲ. ಮಾತು ಶುರುವಾಗುವುದು ಯೇಸು ಕೊಟ್ಟದ್ದರಿಂದಲ್ಲ, ಕೇಳಿದ್ದರಿಂದ. ಲೂಕನ 14ನೇ ಅಧ್ಯಾಯವನ್ನು ಬಾಯಿಪಾಠ ಮಾಡಿದ ಚರ್ಚುಗಳು ಯೋಹಾನನ 4ನೇ ಅಧ್ಯಾಯವನ್ನು ಅಷ್ಟೇ ಗಟ್ಟಿಯಾಗಿ ಹಿಡಿಯಲಿಲ್ಲ. ಶಾಲೆ, ಔಷಧ, ಊಟ ಎಲ್ಲ ಕೊಟ್ಟವು. ನೆರೆಯವರಿಂದ ಇಸಿದುಕೊಳ್ಳುವುದನ್ನು ಅಷ್ಟಾಗಿ ರೂಢಿಸಿಕೊಳ್ಳಲಿಲ್ಲ.

ಮುಂದೆ ಏನಾಗಬಹುದು

ಕಾನೂನು ಈಗಿರುವಂತೆಯೇ ಉಳಿದರೆ ದೊಡ್ಡ ಸಂಸ್ಥೆಗಳಿಗೆ ಆಗುವ ತೊಂದರೆ ಕಡಿಮೆ. ಅವರಿಗೆ ವಕೀಲರಿದ್ದಾರೆ, ದಾಖಲೆಗಳಿವೆ. ಬಿಸಿ ತಟ್ಟುವುದು ಬಾಡಿಗೆ ಮನೆಯಲ್ಲಿ ಪ್ರಾರ್ಥನೆ ಮಾಡುವ ಕೂಲಿ ಕುಟುಂಬಗಳಿಗೆ. ಠಾಣೆಯ ಹೆದರಿಕೆಗೆ ಅವರು ಬಾಗಿಲು ಹಾಕಿಕೊಂಡು ಹಬ್ಬ ಮಾಡುತ್ತಾರೆ. ಬಾಗಿಲು ಹಾಕಿದ್ದನ್ನು ನೋಡಿದ ಓಣಿಗೆ ಅನುಮಾನ ಹೆಚ್ಚುತ್ತದೆ. ಅನುಮಾನವನ್ನು ತಡೆಯಲು ಬಂದ ಕಾನೂನೇ ಅನುಮಾನವನ್ನು ಬೆಳೆಸುವ ಬಗೆ ಇದು. ಹೈಕೋರ್ಟ್ ಜಮಖಂಡಿ ಪ್ರಕರಣದಲ್ಲಿ ದೂರುದಾರರ ಅರ್ಹತೆಯನ್ನು ಬಿಗಿಯಾಗಿ ನೋಡಿದ್ದರಿಂದ ಕಂಡಕಂಡವರು ದೂರು ಕೊಡುವುದು ತಗ್ಗಬಹುದು. ಆದರೆ ಅದಕ್ಕಾಗಿ ಪ್ರತಿ ಕುಟುಂಬವೂ ಧಾರವಾಡ, ಕಲಬುರಗಿ ಪೀಠಗಳ ಮೆಟ್ಟಿಲು ಹತ್ತಲಾಗದು.

ಕಾನೂನು ರದ್ದಾದರೆ? ಬಲವಂತ, ವಂಚನೆ, ಬೆದರಿಕೆಗೆ ಸಾಮಾನ್ಯ ದಂಡಸಂಹಿತೆಯಲ್ಲೇ ಶಿಕ್ಷೆಗಳಿವೆ, ಆ ರಕ್ಷಣೆ ಹೋಗುವುದಿಲ್ಲ. ಹಾಗೆಂದು ಅನುಮಾನವೂ ಅದರ ಜೊತೆಗೇ ರದ್ದಾಗುತ್ತದೆ ಎಂದು ನಂಬಿದರೆ ಅದು ಆತುರ. ಹಂಗು ಉಳಿಯುವಷ್ಟು ಕಾಲ ಅನುಮಾನವೂ ಉಳಿಯುತ್ತದೆ. ಚರ್ಚುಗಳು ತಾವಾಗಿಯೇ ಮಾಡಬಹುದಾದ ಕೆಲಸಗಳಿವೆ. ಪರಿಹಾರ ಸಾಮಗ್ರಿ ಹಂಚುವ ಜಾಗ, ಹೊತ್ತು, ಜನ ಪ್ರಾರ್ಥನೆಯದಕ್ಕಿಂತ ಬೇರೆಯಾಗಿರಲಿ; ಒಂಗೋಲಿನಲ್ಲಿ 150 ವರ್ಷದ ಹಿಂದೆಯೇ ಒಬ್ಬರಿಗೆ ಹೊಳೆದದ್ದು ಅದು. ಪ್ರವಾಹ ಬಂದಾಗ ಗಂಜಿ ಕೇಂದ್ರವನ್ನು ಮಠ, ಮಸೀದಿ, ಚರ್ಚು ಸೇರಿ ನಡೆಸಿದರೆ ಯಾರ ಅನ್ನ ಯಾರ ಹಂಗು ಎಂಬ ಲೆಕ್ಕವೇ ಕಲಸಿಹೋಗುತ್ತದೆ. ಗವಿಮಠದ ದಾಸೋಹಕ್ಕೆ ಕ್ಯಾಂಪಿನಿಂದ ಅಕ್ಕಿಯ ಚೀಲ ಹೋಗಬಹುದು. ಮುದಗಲ್ಲಿನಲ್ಲಿ ಚೊಂಗೆಗೆ ಬೆಲ್ಲ ಹೋಗಬಹುದು.

ಹಿಂದೂ ಮನೆಗಳ ಪಾಲಿನ ಕೆಲಸವೂ ಇದೆ, ಅದು ಇನ್ನೂ ಸಣ್ಣದು. ಕ್ರಿಸ್ಮಸ್ ಊಟಕ್ಕೆ ಹೋಗುವಾಗ ಬರಿಗೈಯಲ್ಲಿ ಹೋಗದೆ ಒಂದು ಡಬ್ಬಿ ಶೇಂಗಾ ಹೋಳಿಗೆ ಒಯ್ಯುವುದು. ಮನೆಯ ಮದುವೆಗೆ ಆ ಕುಟುಂಬವನ್ನೂ ಕರೆದು, ಅವರು ಹಾಕಿದ ನೂರೊಂದನ್ನು ಉಳಿದವರದರ ಸಾಲಿನಲ್ಲೇ ಮುಯ್ಯಿ ಪುಸ್ತಕಕ್ಕೆ ಬರೆದುಕೊಳ್ಳುವುದು.